ಬೆಚ್ಚಗಿನ ಪೆಟ್ಟಿಗೆಯ ಮೇಲೆ ಕಾಯಿಹೋಳು

ತಿಪಟೂರಿನಲ್ಲಿ ನಾನು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದುದು ತೆಂಗಿನ ತೋಟವಿದ್ದ ಒಬ್ಬರ ಮನೆಯ ಮುಂದಿನ ಕೋಣೆಯಲ್ಲಿ. ಮನೆಯೊಡತಿಯನ್ನು ದೊಡ್ಡಮ್ಮ ಅನ್ನುತ್ತಿದ್ದೆ. ಆಗ ಇಂಟರ್ನೆಟ್ ಬರುತ್ತಿದ್ದುದು ಫೋನಿನ ತಂತಿಯಲ್ಲೇ. ನೆಟ್ ಇದ್ದಷ್ಟು ಹೊತ್ತು ಫೋನು ಮೂಕ. ನನಗೆ ಫೋನಿರಲಿಲ್ಲ. ಕೇಳಿದ ಕೂಡಲೇ ದೊಡ್ಡಮ್ಮ ತಮ್ಮ ಲೈನನ್ನೇ ಕೊಟ್ಟರು.

ಗುಜರಿಯವನೂ ಮೂಗು ಮುರಿದಿದ್ದ ಹಳೇ ಕಂಪ್ಯೂಟರೊಂದಕ್ಕೆ ಮೋಡೆಮ್ ಕೂರಿಸಿ, ಅದರಿಂದ ಕ್ಲಾಸಿನ ನಾಲ್ಕು ಕಂಪ್ಯೂಟರಿಗೂ ವೈರು ಎಳೆದೆ. ಡಯಲ್ ಮಾಡುವುದು ಅದು, ನೆಟ್ ಸಿಗುವುದು ನಾಲ್ಕಕ್ಕೂ. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತೆ ಅಂತಾರಲ್ಲ, ಹಾಗೆ ಒಂದಷ್ಟು ವೈರು ಸಿಕ್ಕಿದ್ದಕ್ಕೆ ನಾನೂ ಎಂಜಿನಿಯರ್ ಆದೆ.

"ಒಂದೇ ಕಾಲುವೆ, ನಾಲ್ಕು ಪಾತಿ, ದೊಡ್ಡಮ್ಮ," ಎಂದು ವಿವರಿಸಿದೆ.

"ಹಂಗನ್ನು ಮತ್ತೆ," ಅಂದರು.

ಆ ಹಳೇ ಕಂಪ್ಯೂಟರಿನ ಪೆಟ್ಟಿಗೆ ಹಗಲೆಲ್ಲ ಗುಂಯ್ ಎನ್ನುತ್ತ ನಡುಮನೆಯಲ್ಲಿ ಫೋನಿನ ಪಕ್ಕ ಕೂತಿರುತ್ತಿತ್ತು.

ಆ ಮಳೆಗಾಲದಲ್ಲಿ, ಹೆರಿಗೆಗೆ ಬಂದಿದ್ದ ದೊಡ್ಡಮ್ಮನ ಮಗಳನ್ನು ರಕ್ತ ಕಮ್ಮಿಯಿದೆಯೆಂದು ತುಮಕೂರಿನ ಆಸ್ಪತ್ರೆಯಲ್ಲಿ ಇರಿಸಿಕೊಂಡರು. ದಿನ ತುಂಬಲು ಇನ್ನೂ ವಾರವಿದೆ ಅಂದಿದ್ದರಿಂದ ಅಳಿಯನನ್ನು ಅಲ್ಲಿ ಬಿಟ್ಟು, ಹಸು ಕರೆಯಲು ದೊಡ್ಡಮ್ಮ ಊರಿಗೆ ಬಂದಿದ್ದರು. ಮರುದಿನ ನಾನು ಕ್ಲಾಸಿನವರಿಗೆ ಮೇಲ್ ಕಳಿಸುವುದನ್ನು ಕಲಿಸುತ್ತಿದ್ದಾಗ ನಾಲ್ಕು ಪರದೆಗಳೂ ಒಟ್ಟಿಗೇ ನಿಂತವು.

"ಮೇಡಂ, ನೆಟ್ ಹೋಯ್ತು!"

ನಡುಮನೆಗೆ ಹೋಗಿ ನೋಡುತ್ತೇನೆ, ಪೆಟ್ಟಿಗೆಯ ಮೇಲೆ ಪಂಚೆ ಹಾಸಿ, ಒಡೆದ ತೆಂಗಿನಕಾಯಿ ಹೋಳುಗಳನ್ನು ಸಾಲಾಗಿ ಹರವಿದ್ದಾರೆ. ಬಿಸಿಲಿಲ್ಲ, ಕಾಯಿ ಬೂಸಲು ಹಿಡಿಯುತ್ತೆ, ಇಲ್ಲೊಂದು ಸದಾ ಬೆಚ್ಚಗಿರುವ ಜಾಗ! ಗಾಳಿಯಾಡದೆ ಕಾದು ಪೆಟ್ಟಿಗೆ ತಾನೇ ಆರಿಹೋಗಿತ್ತು. ನನಗೋ ಮೂಗಿನ ತುದಿಯಲ್ಲೇ ಕೋಪ.

"ದೊಡ್ಡಮ್ಮ, ಇದೇನು ಒಲೆ ಅಂದ್ಕೊಂಡ್ರಾ? ಇದು—"

ಫೋನು ರಿಂಗಾಯಿತು. ದೊಡ್ಡಮ್ಮ ಎತ್ತಿದರು.

ಅಳಿಯ. "ಬೆಳಿಗ್ಗೆಯಿಂದ ಮಾಡ್ತಾನೇ ಇದೀನಿ ಕಣತ್ತೆ, ಬರೀ ಎಂಗೇಜು! ನೋವು ಬಂದ್ಬುಡ್ತು. ಓ ನೆಗೆಟಿವ್ ರಕ್ತ ಬೇಕಂತೆ, ಇಲ್ಲೆಲ್ಲೂ ಸಿಗ್ತಿಲ್ಲ." ಅವನ ಕೂಗು ರಿಸೀವರಿನಾಚೆಗೂ ನನಗೆ ಕೇಳಿಸಿತು.

ನಾನು ಕ್ಲಾಸಿಗೆ ಓಡಿ ಕೇಳಿದೆ. ಕಂಪ್ಯೂಟರ್ ಕಲಿಯಲು ನೊಣವಿನಕೆರೆಯಿಂದ ಬರುತ್ತಿದ್ದ ಪ್ರೈಮರಿ ಶಾಲೆಯ ಮೇಷ್ಟ್ರೊಬ್ಬರು ಮೌಸು ಬಿಟ್ಟು ಎದ್ದರು. "ನಂದೂ ಅದೇ ಕಣ್ರೀ, ನಡೀರಿ." ಪಕ್ಕದ ಕೊಬ್ಬರಿ ಅಂಗಡಿಯವರು ಜೀಪು ತೆಗೆದರು. ದೊಡ್ಡಮ್ಮನೂ ಮೇಷ್ಟ್ರೂ ಹತ್ತಿದರು. ಹಸುವನ್ನು ನಾನು ನೋಡಿಕೊಂಡೆ.

ತಾಯಿ, ಮಗು ಇಬ್ಬರೂ ಉಳಿದರು. ಆ ಮೇಷ್ಟ್ರನ್ನು ನೆನೆದರೆ ಇವತ್ತಿಗೂ ಕೈ ಮುಗಿಯಬೇಕು ಅನಿಸುತ್ತದೆ. ಆದರೆ ಪೆಟ್ಟಿಗೆ ಇನ್ನೊಂದು ಗಂಟೆ ಓಡಿದ್ದರೆ? ಅಳಿಯನಿಗೆ ಇನ್ನೂ ಒಂದು ಗಂಟೆ ಬರೀ ಎಂಗೇಜೇ ಸಿಗುತ್ತಿತ್ತು.

ಊರಿಗೆ ವಾಪಸು ಬಂದ ದೊಡ್ಡಮ್ಮ ಮೊದಲು ಕೇಳಿದ್ದು ಪೆಟ್ಟಿಗೆಯನ್ನೇ. "ನಿನ್ನ ಮಿಷಿನ್ನು ಕೆಡಿಸಿಬುಟ್ನೇನವ್ವ? ಇನ್ಮೇಲೆ ಅದರ ತಂಟೆಗೆ ಹೋಗಾಕಿಲ್ಲ ಬುಡು."

ಹೊರಗೆ ಸೋನೆ ಹಾಗೇ ಹಿಡಿದಿತ್ತು. ಅಡುಗೆಮನೆಯಲ್ಲಿ ಎತ್ತಿಟ್ಟಿದ್ದ ಹೋಳುಗಳನ್ನು ತಂದು, ಮತ್ತೆ ಗುಂಯ್ ಎನ್ನುತ್ತಿದ್ದ ಪೆಟ್ಟಿಗೆಯ ಮೇಲೆ ಒಂದೊಂದಾಗಿ ನಾನೇ ಹರವಿದೆ.