ಬಾಗಿಲ ದೊಡ್ಡಪ್ಪನ ಕೊಡೆ

ಆಗೆಲ್ಲ ಭಾನುವಾರ ಆ ಚರ್ಚಿಗೆ ಹೋದವರಿಗೆ ದೇವರಿಗಿಂತ ಮೊದಲು ಸಿಗುತ್ತಿದ್ದವರು ಬಾಗಿಲ ದೊಡ್ಡಪ್ಪ. ಕುಡಿದು ತೂರಾಡುತ್ತ ಬಂದವನಿರಲಿ, ಕೈ ಕೈ ಹಿಡಿದು ಬಂದ ಇಬ್ಬರು ಗಂಡಸರಿರಲಿ, ದೇವರೇ ಇಲ್ಲವೆಂದು ವಾದಿಸಲು ಬಂದ ಮೇಷ್ಟ್ರಿರಲಿ, ಎಲ್ಲರಿಗೂ ಒಂದೇ ಮಾತು: "ಬನ್ನಿ ಬನ್ನಿ, ಜಾಗ ಬೇಕಾದಷ್ಟಿದೆ." ಒಳಗೆ ಕಾಲಿಡಲು ಎಡೆಯಿಲ್ಲದಿದ್ದರೆ ಪಾದ್ರಿಯಮ್ಮನ ಕುರ್ಚಿಯನ್ನೇ ಎತ್ತಿಕೊಂಡು ಬರುತ್ತಿದ್ದರು. "ಅವರು ಹೇಗೂ ನಿಂತೇ ಮಾತಾಡೋದು, ನೀವು ಕೂತ್ಕೊಳ್ಳಿ." ಕೊನೆಯ ಸಾಲಿನ ತುದಿಯ ಕುರ್ಚಿಯ ಮೇಲೆ ಮಾತ್ರ ಸದಾ ಅವರ ಕೊಡೆ. ಯಾರಾದರೂ ಸರಿಸಹೋದರೆ, "ಅದೊಂದು ಬೇಡಪ್ಪ, ನನ್ನ ತಂಗಿ ಬರ್ತಾಳೆ." ತಂಗಿ ಬಂದದ್ದನ್ನು ಯಾರೂ ನೋಡಲಿಲ್ಲ. ಅದಕ್ಕೂ ನಲವತ್ತು ವರ್ಷದ ಹಿಂದೆ, ಗಂಡನನ್ನು ಬಿಟ್ಟು ಬಂದಿದ್ದ ಅವಳನ್ನು ಇದೇ ಬಾಗಿಲಲ್ಲಿ ತಡೆದು, "ನಿನಗಿಲ್ಲಿ ಜಾಗ ಇಲ್ಲ" ಎಂದು ಕಳಿಸಿದವರು ಅವರೇ.