ತಿಪ್ಪೆಯೆಂದು ತಿಳಿದ ಹೊಟ್ಟಿನ ಗುಡ್ಡೆ

ಅಣ್ಣನ ಮರ ಕೊಯ್ಯುವ ಮಿಲ್ಲು ಸುಟ್ಟಿದ್ದು ಅವನ ಬೀಡಿಯಿಂದ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ಅದು ಸುಟ್ಟಿದ್ದು ನನ್ನಿಂದ. ಇಷ್ಟನ್ನು ಬರೆಯಲು ಬೇಕಾಗುವಷ್ಟು ಅಕ್ಷರ ನನಗೆ ಬರುತ್ತದೆ, ಅದಕ್ಕಿಂತ ಹೆಚ್ಚು ಬರುವುದಿಲ್ಲ.

ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಎದ್ದ ಹೊಸದು. ಊರಿಗೆ ಊರೇ ಮನೆ ಕಟ್ಟುತ್ತಿತ್ತು. ತೊಲೆ, ಬಾಗಿಲು, ಕಿಟಕಿ ಎಲ್ಲಕ್ಕೂ ಮರ ಬೇಕಾಗಿತ್ತು. ಅಣ್ಣ ಬಸರಾಳು ಕಡೆಯ ನಮ್ಮ ಹಳ್ಳಿ ಬಿಟ್ಟು ಬಂದು ಮಂಡ್ಯದ ಹೊರಗೆ ಒಂದು ಶೆಡ್ಡು ಹಾಕಿ ಕರೆಂಟಿನ ಗರಗಸ ಕೂರಿಸಿದ. ಶೆಡ್ಡಿಗೆ ಮೇಲೆ ತಗಡು, ಸುತ್ತ ಹಲಗೆಯ ಗೋಡೆ. ಗಂಡ ತೀರಿಹೋಗಿ ತವರಿಗೆ ಬಂದಿದ್ದ ನನ್ನನ್ನೂ ಜೊತೆಯಲ್ಲಿ ಕರೆತಂದ. ಅಡಿಗೆಮನೆ ಅತ್ತಿಗೆಯದು. ಎರಡು ಹಸು ಮತ್ತು ಮಿಲ್ಲಿನ ಅಂಗಳ ನನ್ನವು.

ಅಂಗಳದಲ್ಲಿ ಇದ್ದದ್ದು ಮರದ ಹೊಟ್ಟು. ಗರಗಸ ಓಡಿದಷ್ಟು ಹೊತ್ತೂ ಅದರ ಅಡಿಯಿಂದ ಹೊಟ್ಟು ಸುರಿಯುತ್ತಿತ್ತು. ಹಸಿ ಮಾವು, ಹೊಂಗೆ ಕೊಯ್ದ ದಿನ ಒದ್ದೆಯಾಗಿ ಬೆರಳಿಗೆ ಅಂಟುತ್ತಿತ್ತು. ಅದನ್ನು ಮಂಕರಿಯಲ್ಲಿ ತುಂಬಿ ಶೆಡ್ಡಿನ ಪಕ್ಕಕ್ಕೆ ಸುರಿಯುವುದು ನನ್ನ ಕೆಲಸ. ಅಣ್ಣ ನನಗೆ ಹೇಳಿದ್ದು ಒಂದೇ ಮಾತು.

"ಯಾರ್ ಕೇಳುದ್ರೂ ಕೊಟ್ಬುಡಮ್ಮಿ. ಇಟ್ಗೆ ಗೂಡ್ನೋರು ಬತ್ತಾರೆ, ಓಟ್ಲೋರು ಬತ್ತಾರೆ. ಗುಡ್ಡೆ ಬೆಳೆಯಾಕೆ ಬುಡ್‌ಬ್ಯಾಡ."

ಯಾಕೆ ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಅವನಿಗೆ ಬೇಕಾಗಿದ್ದದ್ದು ಜಾಗ, ಅಷ್ಟೆ. ಹೊಟ್ಟಿಗೆ ಇನ್ನೊಂದು ಗುಣ ಇದೆಯೆಂದು ಅವನಿಗೂ ಗೊತ್ತಿರಲಿಲ್ಲ.

ನಮ್ಮ ಕಡೆ ಹೆಂಗಸಿನ ಅಚ್ಚುಕಟ್ಟನ್ನು ಅವಳ ತಿಪ್ಪೆ ನೋಡಿ ಹೇಳುತ್ತಾರೆ. ಸಗಣಿ, ಗಂಜಲ, ಕಸ ಹಾಕಿ ತಿಪ್ಪೆ ಕಟ್ಟುತ್ತೇವೆ. ಮಾಗಿಯ ಬೆಳಿಗ್ಗೆ ಅದು ಹೊಗೆಯಾಡಿದರೆ ತಿಪ್ಪೆ ಕಾದಿದೆ ಎನ್ನುತ್ತೇವೆ. ಕಾದ ತಿಪ್ಪೆ ಒಳ್ಳೆಯ ತಿಪ್ಪೆ. ಒಳಕ್ಕೆ ಒಂದು ಕೋಲು ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಹಿರಿದು, ತುದಿಯನ್ನು ಅಂಗೈಯಲ್ಲಿ ಹಿಡಿದು ನೋಡುತ್ತೇವೆ. ಹಿಡಿಯಲಾಗದಷ್ಟು ಬಿಸಿಯಿದ್ದರೆ ಗೊಬ್ಬರ ಚೆನ್ನಾಗಿ ಆಗುತ್ತಿದೆ ಎಂದು ಅರ್ಥ. ನನ್ನ ಅತ್ತೆ ಸೊಸೆಯನ್ನು ಹೊಗಳುವವಳಲ್ಲ. ನನ್ನ ತಿಪ್ಪೆಯನ್ನು ಹೊಗಳಿದ್ದಳು.

ಮಂಡ್ಯದಲ್ಲಿ ನನಗೆ ತಿಪ್ಪೆ ಇರಲಿಲ್ಲ. ಹಾಗಾಗಿ ಹೊಟ್ಟಿನ ಗುಡ್ಡೆಯನ್ನೇ ತಿಪ್ಪೆ ಮಾಡಿಕೊಂಡೆ. ಸಗಣಿ ಹಾಕಿದೆ, ಗಂಜಲ ಹೊಯ್ದೆ, ತೊಗಟೆ ಚಕ್ಕೆಗಳನ್ನು ಮೇಲೆ ಒಟ್ಟಿದೆ. ಹಳ್ಳಿಯ ನಮ್ಮ ಗದ್ದೆಗೆ ಗಾಡಿಗಟ್ಟಲೆ ಗೊಬ್ಬರ ಕಳಿಸಿ ಅಣ್ಣನನ್ನು ಬೆರಗುಗೊಳಿಸಬೇಕು ಎಂದುಕೊಂಡಿದ್ದೆ. ಇಟ್ಟಿಗೆ ಗೂಡಿನವನು ಗಾಡಿ ಕಟ್ಟಿಕೊಂಡು ಬಂದಾಗ, ಹೊಟ್ಟು ಒದ್ದೆಯಾಗಿದೆ ಎಂದೆ.

"ಒದ್ದೆ ಆದ್ರೇನವ್ವ, ಒಣಗುಸ್ಕತೀವಿ."

"ಗೊಬ್ಬರುಕ್ಕೆ ಮಡಗಿವ್ನಿ, ಓಗಯ್ಯ."

"ಮರದ್ ಪುಡೀನೂ ಗೊಬ್ಬರ ಆಯ್ತದಾ? ಸರಿ ಬುಡು, ನಾಳೀಕೆ ಇಟ್ಗೆ ಬಿತ್ತಿ ಮನೆ ಬೆಳ್ಕಳಿ," ಎಂದು ಎತ್ತು ತಿರುಗಿಸಿಕೊಂಡು ಹೋದ.

ಮುಂಗಾರು ಬಿದ್ದ ಮೇಲೆ ಗುಡ್ಡೆ ಹೊಗೆಯಾಡತೊಡಗಿತು. ಗರಗಸಕ್ಕೆ ಮರ ದೂಡುವ ಆಳು ಬೆಳಿಗ್ಗೆ ಅದರ ಮುಂದೆ ನಿಂತು ಕೈ ಕಾಯಿಸಿಕೊಳ್ಳುತ್ತಿದ್ದ.

"ಇದ್ರ ಮ್ಯಾಲೆ ಮುದ್ದೆ ಬೇಯುಸ್ಬೋದು ಕಣಕ್ಕ."

"ನಿಮ್ಮೂರಲ್ಲಿ ಇಂತಾ ತಿಪ್ಪೆ ಅದಾ?" ಎಂದೆ.

"ಇಲ್ಲ ಕಣಕ್ಕ. ಅಲ್ಲಿ ಮುದ್ದೆ ಒಲೆ ಮ್ಯಾಲೇ ಬೇಯುಸ್ತರೆ."

ನನಗೆ ಹೆಮ್ಮೆಯೇ ಆಯಿತು.

ಆಷಾಢದ ಒಂದು ಸಂಜೆ ಕೋಲು ಚುಚ್ಚಿ ಹಿರಿದೆ. ತುದಿ ಕಪ್ಪಗಿತ್ತು. ಒದ್ದೆಯ ಕಪ್ಪಲ್ಲ, ಒಲೆಯಿಂದ ಎಳೆದ ಕೊಳ್ಳಿಯ ಕಪ್ಪು. ಬೆರಳಿಗೆ ಮಸಿ ಹತ್ತಿತು. ತಿಪ್ಪೆಯ ಕೋಲು ಹಾಗಾದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅಣ್ಣ ಕೂಗಳತೆಯಲ್ಲಿ ಹಲಗೆ ಜೋಡಿಸುತ್ತಿದ್ದ. ಕರೆದರೆ ಗುಡ್ಡೆಯನ್ನು ಆಗಲೇ ಎತ್ತಿಸುತ್ತಾನೆ, ಗೂಡಿನವನನ್ನು ವಾಪಸು ಕಳಿಸಿದ್ದೂ ಹೊರಗೆ ಬೀಳುತ್ತದೆ. ಕೋಲನ್ನು ಬಚ್ಚಲ ಒಲೆಗೆ ಹಾಕಿದೆ. ಗುಡ್ಡೆಯ ತೂತಿಗೆ ಹಸಿ ಹೊಟ್ಟು ಸುರಿದು ಮೆಟ್ಟಿದೆ.

ಮಾರನೆಯ ದಿನ ಜೋರು ಗಾಳಿ. ಮಧ್ಯಾಹ್ನ ಅಣ್ಣ ಶೆಡ್ಡಿನ ಮೂಲೆಯಲ್ಲಿ ನಿಂತು ಬೀಡಿ ಸೇದಿ, ತುಂಡು ಎಸೆದು, ಉಣ್ಣಲು ಬಂದ. ಅವನು ಮುದ್ದೆ ಮುರಿಯುವ ಹೊತ್ತಿಗೆ ಆಳು ಕೂಗಿಕೊಂಡ. ಹೋಗಿ ನೋಡಿದರೆ ಗುಡ್ಡೆಯ ಒಂದು ಮಗ್ಗುಲು ಕುಸಿದು, ಒಳಗೆಲ್ಲ ಇಟ್ಟಿಗೆ ಗೂಡಿನ ಹಾಗೆ ಕೆಂಪಗಿತ್ತು. ಕುಸಿದ ಕಡೆಗೆ ಗಾಳಿ ನುಗ್ಗುತ್ತಿತ್ತು. ನಾವು ಬಿಂದಿಗೆಯಲ್ಲಿ ನೀರು ಹೊತ್ತು ಹೊತ್ತು ಹಾಕಿದೆವು. ಹಲಗೆಯ ಗೋಡೆ ಹತ್ತಿಕೊಂಡಿತು, ಕೊಯ್ದಿಟ್ಟ ಮರ ಹತ್ತಿಕೊಂಡಿತು, ಯಂತ್ರದ ಪಟ್ಟಿ ಕೆಟ್ಟ ವಾಸನೆ ಬಿಟ್ಟುಕೊಂಡು ಉರಿಯಿತು. ಉಳಿದದ್ದು ಸೊಟ್ಟಗಾದ ತಗಡು.

ಅಣ್ಣ ತಗಡುಗಳ ನಡುವೆ ನಿಂತು ಅತ್ತಿಗೆಗೆ ಹೇಳಿದ:

"ನನ್ ಬೀಡಿ ಕಣೆ. ಆರುಸ್ದೆ ಎಸ್ದುಬುಟ್ಟೆ."

"ಸೇದ್‌ಬ್ಯಾಡ ಸೇದ್‌ಬ್ಯಾಡ ಅಂತ ಬಡ್ಕಂಡೆ," ಎಂದಳು ಅತ್ತಿಗೆ.

ನಾನು ಬಿಂದಿಗೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಅಣ್ಣ ಮತ್ತೆ ಬೀಡಿ ಮುಟ್ಟಲಿಲ್ಲ. ಅವನ ಕೆಮ್ಮು ವಾಸಿಯಾಯಿತು. ಆ ಬೆಂಕಿಯಿಂದ ಆದ ಒಳ್ಳೆಯದು ಅದೊಂದೇ.

ಆಮೇಲೆ ಮಳವಳ್ಳಿಗೆ ಹೋದೆವು. ಅಣ್ಣ ಬೇರೆಯವರ ಮರದ ಅಂಗಡಿಯಲ್ಲಿ ಕೈಗರಗಸ ಹಿಡಿದ. ಹೊಸದಾಗಿ ಯಾರು ಕೆಲಸಕ್ಕೆ ಸೇರಿದರೂ ಅವರಿಗೆ, "ನನ್ ಮಿಲ್ಲ ನಾನೇ ಸುಟ್ಕಂಡೋನು ಕಣ್ಲಾ ನಾನು," ಎಂದು ತನ್ನ ಕಥೆ ಹೇಳುತ್ತಿದ್ದ. ಬುತ್ತಿ ತೆಗೆದುಕೊಂಡು ಹೋದಾಗಲೆಲ್ಲ ಕೇಳಿದ್ದೇನೆ. ಹೇಳುವಾಗ ಎದುರಿಗಿರುವವರ ಮುಖ ನೋಡುತ್ತಿರಲಿಲ್ಲ, ಗರಗಸದ ಹಲ್ಲು ನೋಡುತ್ತಿದ್ದ. ಕೊನೆಗೊಂದು ದಿನ ಕೇಳಲಾಗಲಿಲ್ಲ. ಆಳುಗಳು ಎದ್ದುಹೋದ ಮೇಲೆ ಎಲ್ಲವನ್ನೂ ಹೇಳಿದೆ. ಸಗಣಿ, ಗೂಡಿನವನು, ಕಪ್ಪು ಕೋಲು.

ಅವನು ಉಣ್ಣುತ್ತಲೇ ಕೇಳಿಸಿಕೊಂಡ.

"ಒದ್ದೆ ಒಟ್ಟು ತಾನಾಗ್ ತಾನೇ ಅತ್ಕತದಾ?" ಎಂದ.

"ಒಳ್ಗೆ ಕಾದಿತ್ತು ಕಣಣ್ಣ."

"ಊರ್ ತಿಪ್ಪೆ ಎಲ್ಲಾ ಕಾಯ್ತವೆ. ಯಾವ್ ತಿಪ್ಪೆ ಉರ್ಕಂಡದೆ, ಏಳು."

ಆ ಸಂಜೆ ಹೊಟ್ಟು ಮೆಟ್ಟುವಾಗ ನಾನೂ ಇದನ್ನೇ ಅಂದುಕೊಂಡಿದ್ದೆ.

"ಕೋಲ ನಾನೇ ಕಣ್ಣಾರ ನೋಡ್ದೆ," ಎಂದೆ.

ಅಣ್ಣ ಕೈ ತೊಳೆದುಕೊಂಡ. "ನಂಗೋಸ್ಕರ ಸುಳ್ ಏಳ್‌ಬ್ಯಾಡಮ್ಮಿ. ನನ್ ತೆಪ್ಪು ನಂಗಿರ್ಲಿ," ಎಂದ. ಅವನ ಕಣ್ಣು ತುಂಬಿತ್ತು.

ಮನೆಗೆ ಬಂದು ಅತ್ತಿಗೆಗೆ ಹೇಳಿದ. ಅಲ್ಲಿಯವರೆಗೆ ನನ್ನನ್ನು ಅಷ್ಟಕ್ಕಷ್ಟೇ ನೋಡುತ್ತಿದ್ದ ಅತ್ತಿಗೆ ಅಂದು ನನಗೆ ತುಪ್ಪ ಬಡಿಸಿದಳು. ಈಗ ನೆಂಟರು ಬಂದರೆ ಅಣ್ಣ ಮೊದಲು ಬೀಡಿಯ ಕಥೆ ಹೇಳುತ್ತಾನೆ. ಆಮೇಲೆ, ಅಣ್ಣನ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಳ್ಳಲು ಬಂದ ತಂಗಿಯ ಕಥೆ. ಹಾಗಲ್ಲ ಎಂದು ನಾನು ಹೇಳಿದಷ್ಟೂ ಅವರಿಗೆ ನನ್ನ ಮೇಲೆ ಗೌರವ ಹೆಚ್ಚುತ್ತದೆ. ಅದಕ್ಕೇ ಈಗೀಗ ಸುಮ್ಮನೆ ಒಳಗೆ ಎದ್ದು ಹೋಗುತ್ತೇನೆ. ನಾಚಿಕೆ ಸ್ವಭಾವ ಎನ್ನುತ್ತಾರೆ.