ಆಫೀಸಿನ ಗ್ರಹ, ಮನೆಯ ಗ್ರಹ

ಅಹಮದಾಬಾದಿನ ಬೋಪಾಲ್ ಬಡಾವಣೆಯ ರಾಮಚಂದ್ರ ರಾಯರ ಬಗ್ಗೆ ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ, ಅದು ಬೇಗ ಮುಗಿಯುತ್ತದೆ. ಅವರು ಕೆಲಸಗಳ್ಳರಲ್ಲ. ಅದೇ ಊರಿನ ಒಂದು ಸಂಶೋಧನಾಲಯದಲ್ಲಿ ಇಪ್ಪತ್ತಾರು ವರ್ಷಗಳಿಂದ, ನಕ್ಷತ್ರದ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸುವ ಉಪಕರಣವನ್ನು ನೋಡಿಕೊಳ್ಳುತ್ತಿದ್ದಾರೆ. ಅದರಿಂದಲೇ ಅವರ ತಂಡ ಒಂದು ಗ್ರಹವನ್ನು ಕಂಡುಹಿಡಿಯಿತು. ನಮ್ಮ ಗುರುಗ್ರಹಕ್ಕಿಂತ ದೊಡ್ಡದು. ತನ್ನ ನಕ್ಷತ್ರಕ್ಕೆ ಅಂಟಿಕೊಂಡಂತೆ ಸುತ್ತುತ್ತದೆ. ಅದರ ಒಂದು ವರ್ಷವೆಂದರೆ ನಮ್ಮ ಮೂರು ದಿನ.

ಆಮೇಲೆ ರಾಯರನ್ನು ಹಿಡಿಯುವವರಿರಲಿಲ್ಲ. ಕನ್ನಡ ಸಂಘದಲ್ಲಿ ಉಪನ್ಯಾಸ, ವಡೋದರಾದ ಶಾಲೆಯಲ್ಲಿ ಉಪನ್ಯಾಸ, ಸೂರತ್‌ನಲ್ಲಿ ಯಾರದೋ ಗೃಹಪ್ರವೇಶದ ಊಟದ ಪಂಕ್ತಿಯಲ್ಲೂ ಉಪನ್ಯಾಸ.

"ನಕ್ಷತ್ರದ ಹತ್ರ ಹೋದ್ರೆ ಗ್ರಹ ಸೊರಗುತ್ತೆ ಅಂದ್ಕೊಂಡ್ರಾ? ಇಲ್ಲ ಸ್ವಾಮಿ, ಕಾವಿಗೆ ಪೂರಿ ಥರ ಉಬ್ಬುತ್ತೆ!"

ಅವರ ಮಗಳು ಮನಸ್ವಿನಿ. ವಡೋದರಾ ಬಳಿಯ ಕೊಯಾಲಿಯ ತೈಲ ಸಂಸ್ಕರಣಾಗಾರದಲ್ಲಿ ಎಂಜಿನಿಯರ್ ಆಗಿದ್ದ ಅನಿರುದ್ಧನನ್ನು ಅವಳು ಮದುವೆಯಾಗುವುದಕ್ಕೆ ರಾಯರ ಒಪ್ಪಿಗೆಯಿತ್ತು. ಅಷ್ಟರಲ್ಲಿ ಹುಡುಗನಿಗೆ ಅಸ್ಸಾಂಗೆ ವರ್ಗವಾಯಿತು. ಜುಲೈ ಒಂದಕ್ಕೆ ಸೇರಬೇಕು. ಮದುವೆಯ ಪ್ರಮಾಣಪತ್ರವಿದ್ದರೆ ಮಾತ್ರ ಅಲ್ಲಿ ಇಬ್ಬರಿಗೂ ಮನೆ. ಜೂನ್‌ನಲ್ಲೇ ಮುಗಿಸೋಣ ಎಂದು ಹುಡುಗರು ಕೇಳಿಕೊಂಡರು. ರಾಯರು ಪಂಚಾಂಗ ತೆಗೆದರು. ಗುರು ಸೂರ್ಯನ ಹತ್ತಿರ ಹೋಗಿ ಅಸ್ತನಾಗುತ್ತಾನೆ, ಬಲ ಕಳೆದುಕೊಳ್ಳುತ್ತಾನೆ. ಆಮೇಲೆ ಆಷಾಢ, ಚಾತುರ್ಮಾಸ. ನವೆಂಬರ್‌ವರೆಗೆ ಮುಹೂರ್ತವೇ ಇಲ್ಲ.

"ಅಪ್ಪಾ, ಗುರು ಸೂರ್ಯನ ಹತ್ರ ಹೋಗೋದೇ ಇಲ್ಲ. ಆಚೆ ಕಡೆ ಇರ್ತಾನೆ, ನಮಗೆ ಕಾಣಲ್ಲ, ಅಷ್ಟೇ. ಇದನ್ನ ನಿಮಗೆ ನಾನು ಹೇಳ್ಬೇಕಾ?"

"ಗೊತ್ತಮ್ಮ, ಗೊತ್ತು."

"ಮತ್ತೆ ನಿಮ್ಮ ಪೂರಿ?"

"ಅದು ಆಫೀಸಿನ ಗ್ರಹ. ಇದು ಮನೆ ಗ್ರಹ."

ಈ ಮಾತು ನಾನು ಕಟ್ಟಿದ್ದಲ್ಲ. ಅವರ ಹೆಂಡತಿ ಸುಮತಿಯವರನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡು ಬರೆದಿದ್ದೇನೆ. ರಾಯರು ನಗದೆ ಹೇಳಿದರಂತೆ.

ಮನಸ್ವಿನಿ ವಡೋದರಾದ ನೋಂದಣಿ ಕಚೇರಿಗೆ ಹೋಗಿ ಒಂದು ತಿಂಗಳ ನೋಟಿಸ್ ಕೊಟ್ಟು ಬಂದಳು. ಜೂನ್‌ನ ಕೊನೆಯ ಶುಕ್ರವಾರ ಸುಮತಿ ಟ್ಯಾಕ್ಸಿ ಹತ್ತಿದರು. ರಾಯರೂ ಹತ್ತಿದರು. ಹೆಂಗಸರನ್ನು ಒಬ್ಬರನ್ನೇ ದೂರ ಕಳಿಸಬಾರದು ಎಂಬುದು ಅವರ ಇನ್ನೊಂದು ನಿಯಮ. ಕಚೇರಿ ಬಂದಾಗ ಮಾತ್ರ ಇಳಿಯಲಿಲ್ಲ. ಇಳಿದರೆ ಮದುವೆಗೆ ಬಂದಂತಾಗುತ್ತದಲ್ಲ! ಗಾಜು ಏರಿಸಿ, ಎಸಿ ಹಾಕಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂತರು.

ಮೂವರು ಸಾಕ್ಷಿಗಳು ಬೇಕಿತ್ತು. ಸುಮತಿ ಇದ್ದರು, ಅನಿರುದ್ಧನ ಅಕ್ಕ ತಾರಾ ಇದ್ದಳು. ಸೂರತ್‌ನಿಂದ ಬರಬೇಕಿದ್ದ ಗೆಳತಿ ದೀಪ್ತಿ, ರೈಲು ಭರೂಚ್‌ನಲ್ಲೇ ನಿಂತಿದೆ ಎಂದು ಫೋನ್ ಮಾಡಿದಳು. ಹತ್ತು ನಿಮಿಷದಲ್ಲಿ ಆಗದಿದ್ದರೆ ಸೋಮವಾರ ಬನ್ನಿ ಎಂದ ಗುಮಾಸ್ತ. ಅನಿರುದ್ಧ ಹೊರಡಬೇಕಾದದ್ದು ಭಾನುವಾರ.

ಸುಮತಿ ಕೆಳಗೆ ಓಡಿಬಂದು ಕಾರಿನ ಗಾಜು ತಟ್ಟಿದರು.

"ಬನ್ನೀಂದ್ರೆ! ಒಂದು ಸೈನು, ಅಷ್ಟೇ."

"ಅಸ್ತದಲ್ಲಿ ನಾನು ಸಾಕ್ಷಿ ಹಾಕಿ, ನಾಳೆ ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ ಕಣೇ."

"ನಿಮ್ಮ ತಲೆ ನೂರು ವರ್ಷ ಚೆನ್ನಾಗಿರ್ಲಿ. ಅವಳ ಮುಖ ನೋಡೋರು ಯಾರು?"

ರಾಯರು ಗಾಜನ್ನು ಮತ್ತೆ ಏರಿಸಿದರು.

ಚಾಲಕ ಹಸಮುಖ್‌ಭಾಯಿಗೆ ಕನ್ನಡ ಬರುವುದಿಲ್ಲ. ಸುಮತಿಯವರ ಅಳು ಅರ್ಥವಾಯಿತು. ಇಳಿದು, "ಶು ಥಯು, ಬೆನ್?" ಎಂದು ಗುಜರಾತಿಯಲ್ಲಿ, ಏನಾಯಿತಕ್ಕ ಎಂದು ಕೇಳಿದ. ಸುಮತಿ ಹಿಂದಿಯಲ್ಲಿ ಎಲ್ಲ ಹೇಳಿದರು.

"ಬಸ್, ಇಷ್ಟೇನಾ? ಆಧಾರ್ ಕಾರ್ಡ್ ನನ್ನ ಹತ್ರ ಇದೆ. ಚಾಲೋ!"

ಅವನು ಎಂಜಿನ್ ನಿಲ್ಲಿಸಿ, ಕೀಲಿ ಕಿತ್ತುಕೊಂಡು ಮೆಟ್ಟಿಲು ಹತ್ತಿದ. ಎಸಿಯೂ ನಿಂತಿತು.

ಅರ್ಧ ಗಂಟೆಯ ಮೇಲೆ ಹಾರ ಹಾಕಿಕೊಂಡ ಗಂಡು ಹೆಣ್ಣಿನ ಜೊತೆ ಎಲ್ಲರೂ ಕೆಳಗೆ ಬಂದರು. ರಾಯರು ಬೆವರಿನಲ್ಲಿ ತೊಯ್ದು, ಮುಖ ಕೆಂಪಗೆ ಮಾಡಿಕೊಂಡು ಅಲ್ಲೇ ಕೂತಿದ್ದರು. ಮನಸ್ವಿನಿ ಬಾಗಿಲು ತೆರೆದಳು.

"ಅಪ್ಪಾ, ಆಶೀರ್ವಾದ ಮಾಡಿ."

"ನವೆಂಬರಲ್ಲಿ ಮಾಡ್ತೀನಮ್ಮ. ಮೊದ್ಲು ಎಸಿ ಹಾಕ್ಸು."

ಅವಳು ಬಾಗಿಲನ್ನು ಮೆಲ್ಲಗೆ ಮುಚ್ಚಿ, ತಿರುಗಿ ಹಸಮುಖ್‌ಭಾಯಿಯ ಕಾಲಿಗೆ ಬಗ್ಗಿದಳು. ಅವನು ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಅಂಗೈಯನ್ನು ಅಂಗಿಗೆ ಒರೆಸಿಕೊಂಡು ಅವಳ ತಲೆಯ ಮೇಲಿಟ್ಟ.